‘ಆಗುವುದಿಲ್ಲ’ ಎಂದು ಬರೆದುಕೊಡುವ ಸರ್ಕಾರ

ಬ್ರಿಟನ್ ಸಂಸತ್ತಿಗೆ ಮನವಿ ಸಲ್ಲಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕಿಲ್ಲ, ಯಾರ ಶಿಫಾರಸೂ ಬೇಕಿಲ್ಲ. ಅದರ ಜಾಲತಾಣದಲ್ಲಿ ಹೆಸರು, ಇಮೇಲ್, ಪೋಸ್ಟ್‌ಕೋಡ್ ತುಂಬಿ, ‘ನಾನು ಬ್ರಿಟಿಷ್ ಪ್ರಜೆ ಅಥವಾ ಇಲ್ಲಿನ ನಿವಾಸಿ’ ಎಂಬ ಸಾಲಿನೆದುರು ಟಿಕ್ ಮಾಡಿ, ಇಮೇಲಿಗೆ ಬರುವ ಕೊಂಡಿಯನ್ನೊಮ್ಮೆ ಒತ್ತಿದರೆ ಮುಗಿಯಿತು. ಆ ‘ಅಥವಾ ಇಲ್ಲಿನ ನಿವಾಸಿ’ ಎನ್ನುವುದನ್ನು ನಾನು ಎರಡೆರಡು ಸಲ ಓದಿಕೊಂಡಿದ್ದೆ. ಕೆಲಸದ ವೀಸಾದ ಮೇಲಿರುವವನು, ಅಶೋಕ ಸ್ತಂಭದ ಪಾಸ್‌ಪೋರ್ಟಿನವನು ಇವರ ಸರ್ಕಾರದ ಮುಂದೆ ಅಹವಾಲು ಇಡಬಹುದೆ? ಇಡಬಹುದು. ಆದರೆ ಕೊರೊನಾ ಬರುವ ತನಕ ಇದನ್ನು ನಾನಾಗಲಿ, ಇಲ್ಲಿ ನನಗೆ ಗೊತ್ತಿದ್ದ ಕನ್ನಡಿಗರಾಗಲಿ ಗಂಭೀರವಾಗಿ ತೆಗೆದುಕೊಂಡವರಲ್ಲ. ನಾವು ಬಂದಿದ್ದು ದುಡಿಯಲು. ವೀಸಾ ನವೀಕರಣ ಆಗುವವರೆಗೆ ಬಾಯಿ ಮುಚ್ಚಿಕೊಂಡಿರುವುದೇ ಲೇಸು ಎಂಬ ಎಣಿಕೆ.

2015ರಿಂದ ನಡೆಯುತ್ತಿರುವ ಈ ವ್ಯವಸ್ಥೆಯ ನಿಯಮಗಳು ಕೆಲವೇ. ಒಂದು ಮನವಿ ಶುರುವಾಗಲು ಐದು ಮಂದಿ ಬೆಂಬಲಿಗರು ಬೇಕು. ಆರು ತಿಂಗಳು ಅದು ಸಹಿಗೆ ತೆರೆದಿರುತ್ತದೆ. 10 ಸಾವಿರ ಸಹಿ ದಾಟಿದರೆ ಸರ್ಕಾರ ಲಿಖಿತ ಉತ್ತರ ಕೊಡಬೇಕು. 1 ಲಕ್ಷ ದಾಟಿದರೆ ಸಂಸತ್ತಿನಲ್ಲಿ ಚರ್ಚೆಗೆ ಪರಿಗಣಿಸಬೇಕು. ಬರೀ ಪರಿಗಣನೆ ಅಷ್ಟೇ, ಚರ್ಚೆಯ ಗ್ಯಾರಂಟಿ ಇಲ್ಲ. ಚರ್ಚೆಯಾದರೂ ಕೊನೆಯಲ್ಲಿ ಕಾನೂನು ಬದಲಿಸುವ ಮತದಾನವೇನೂ ಇರುವುದಿಲ್ಲ. ಇದನ್ನೆಲ್ಲ ನೋಡಿಕೊಳ್ಳಲು ಆಡಳಿತ ಮತ್ತು ವಿರೋಧ ಪಕ್ಷಗಳೆರಡರ ಸಂಸದರೂ ಇರುವ ಮನವಿ ಸಮಿತಿ ಇದೆ. ಮೂಗಿಗೆ ತುಪ್ಪ ಸವರುವ ಏರ್ಪಾಡು ಎಂದು ಯಾರಾದರೂ ಅಂದರೆ ಪೂರ್ತಿ ಅಲ್ಲಗಳೆಯಲಾರೆ.

2020ರ ಮಾರ್ಚ್‌ನಲ್ಲಿ ಆ ಜಾಲತಾಣಕ್ಕೆ ದೇಶವೇ ನುಗ್ಗಿತು. ಇಟಲಿಯ ಆಸ್ಪತ್ರೆಗಳ ದೃಶ್ಯಗಳು ಟಿವಿಯಲ್ಲಿ ಬರುತ್ತಿದ್ದವು. ಇಲ್ಲಿ ಮಾತ್ರ ಶಾಲೆಗಳು ತೆರೆದೇ ಇದ್ದವು. ಶಾಲೆ ಮುಚ್ಚಿ ಎನ್ನುವ ಮನವಿಗೆ 6 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಮಾರ್ಚ್ 20ರ ಶುಕ್ರವಾರ ಶಾಲೆಗಳು ಮುಚ್ಚಿದವು. ಸ್ವಂತ ದುಡಿಮೆಯವರಿಗೂ ಕಾಯಿಲೆ ಭತ್ಯೆ ಕೊಡಿ ಎಂಬ ಇನ್ನೊಂದು ಮನವಿಗೂ ಹೆಚ್ಚುಕಡಿಮೆ ಅಷ್ಟೇ ಸಹಿ. ಮಾರ್ಚ್ 26ರಂದು ಹಣಕಾಸು ಸಚಿವ ರಿಷಿ ಸುನಕ್ ಅಂಥವರಿಗೆ ಲಾಭದ ಶೇ 80ರಷ್ಟನ್ನು, ತಿಂಗಳಿಗೆ 2,500 ಪೌಂಡ್ ಮಿತಿಯೊಳಗೆ, ಕೊಡುವ ಯೋಜನೆ ಪ್ರಕಟಿಸಿದರು. ಕೇಳಿದ್ದು ಭತ್ಯೆ, ಸಿಕ್ಕಿದ್ದು ಬೇರೆಯೇ ಯೋಜನೆ. ಸಹಿಯಿಂದಲೇ ಇದಾಯಿತೆಂದು ನಾನು ಹೇಳುವುದಿಲ್ಲ. ಸೋಂಕಿನ ಅಂಕಿಗಳು, ವಿಜ್ಞಾನಿಗಳು, ಪತ್ರಿಕೆಗಳು, ಎಲ್ಲವೂ ಒಟ್ಟಿಗೆ ಸರ್ಕಾರದ ಕತ್ತಿನ ಮೇಲೆ ಕೂತಿದ್ದವು.

ನನ್ನ ಸಹಿ ಬಿದ್ದದ್ದು ಹೆರಿಗೆ ರಜೆಯ ಮನವಿಗೆ. ಜೊತೆಗೆ ಕೆಲಸ ಮಾಡುತ್ತಿದ್ದವರೊಬ್ಬರು ಬಾಣಂತಿ. ಲಾಕ್‌ಡೌನ್‌ನಲ್ಲಿ ಅವರ ತಾಯಿ ಬಂದು ಮಗುವನ್ನು ಎತ್ತಿಕೊಳ್ಳುವಂತಿಲ್ಲ, ಮಗುವಿನ ತೂಕ ನೋಡಲು ಬರುವ ಹೆಲ್ತ್ ವಿಸಿಟರ್ ಫೋನಿನಲ್ಲೇ ವಿಚಾರಿಸುತ್ತಾರೆ, ರಜೆ ಮುಗಿದರೆ ಮಗುವನ್ನು ಬಿಡಲು ನರ್ಸರಿ ತೆರೆದಿಲ್ಲ. ಸಂಬಳಸಹಿತ ಮೂರು ತಿಂಗಳು ರಜೆ ವಿಸ್ತರಿಸಿ ಎಂಬುದು ಬೇಡಿಕೆ. 2 ಲಕ್ಷಕ್ಕೂ ಮೀರಿ ಸಹಿ ಬಂತು. ಕ್ಯಾಥರೀನ್ ಮ್ಯಾಕಿನ್ನೆಲ್ ಅಧ್ಯಕ್ಷತೆಯ ಮನವಿ ಸಮಿತಿ ಸಾಕ್ಷ್ಯ ಕಲೆಹಾಕಿ, ಜುಲೈನಲ್ಲಿ ವರದಿ ಬರೆದು, ಬೇಡಿಕೆ ನ್ಯಾಯವಾದದ್ದು ಎಂದಿತು. ಸರ್ಕಾರ ಒಪ್ಪಲಿಲ್ಲ. ಇಲ್ಲಿ 52 ವಾರ ರಜೆ ಇದೆ, ಅದರಲ್ಲಿ 39 ವಾರಕ್ಕೆ ಭತ್ಯೆಯೂ ಇದೆ, ಜಗತ್ತಿನಲ್ಲೇ ಇದು ಉದಾರವಾದದ್ದು ಎನ್ನುವ ಧಾಟಿಯ ಉತ್ತರ ಸಹಿ ಹಾಕಿದವರೆಲ್ಲರ ಇಮೇಲಿಗೂ ಬಂತು.

ಆ ಉತ್ತರ ಓದಿ ಸಹೋದ್ಯೋಗಿ ಹಲ್ಲು ಕಚ್ಚಿದರು. ನನಗೆ ಹಿಡಿಸಿದ್ದು ಅದರ ಸ್ವರೂಪ. ‘ಪರಿಶೀಲಿಸಲಾಗುವುದು’ ಇಲ್ಲ, ‘ಸಂಬಂಧಪಟ್ಟವರ ಗಮನಕ್ಕೆ ತರಲಾಗುವುದು’ ಇಲ್ಲ. ಆಗುವುದಿಲ್ಲ, ಯಾಕೆಂದರೆ ಹೀಗೆ ಹೀಗೆ, ಕೆಳಗೆ ಇಲಾಖೆಯ ಹೆಸರು. ಅದು ಮನವಿಯ ಪಕ್ಕದಲ್ಲೇ ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ. ಮುಂದೆ ಯಾವ ಸಂಸದ ಎದ್ದು ನಿಂತರೂ ಅದನ್ನೇ ಹಿಡಿದು ಸಚಿವರನ್ನು ಜಗ್ಗಬಹುದು. ಮನವಿಯನ್ನೇ ತಿರಸ್ಕರಿಸಿದರೂ ಕಾರಣ ಬರೆದು ಪ್ರಕಟಿಸುತ್ತಾರೆ. ಅಂಥ ತಿರಸ್ಕೃತ ಮನವಿಗಳ ರಾಶಿ ಓದುವುದು ನನಗೆ ಒಳ್ಳೆಯ ಕಾಲಕ್ಷೇಪ. ಜನ ಏನೇನೆಲ್ಲ ಕೇಳುತ್ತಾರೆ ಎಂದು ನಗುವೂ ಬರುತ್ತದೆ, ಪಾಪ ಅಂತಲೂ ಅನ್ನಿಸುತ್ತದೆ.

ಬ್ರಿಟನ್ ಸರ್ಕಾರ ಇಲ್ಲವೆಂದದ್ದನ್ನು ಮರುದಿನವೇ ಹೌದು ಮಾಡಿದ್ದೂ ಉಂಟು. ಅದನ್ನು ನಾವು, ಹೊರಗಿನಿಂದ ಬಂದವರು, ಕಣ್ಣಾರೆ ಕಂಡೆವು.

ಇಲ್ಲಿಗೆ ಆರು ತಿಂಗಳಿಗೂ ಹೆಚ್ಚಿನ ವೀಸಾ ಮೇಲೆ ಬರುವವರು, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಬಳಸಲು, ಆರೋಗ್ಯ ಸರ್‌ಚಾರ್ಜ್ ಎಂಬ ಶುಲ್ಕ ಕಟ್ಟಬೇಕು. 2020ರ ಮೇನಲ್ಲಿ ಅದು ತಲೆಗೆ ವರ್ಷಕ್ಕೆ 400 ಪೌಂಡ್ ಇತ್ತು, ಅಕ್ಟೋಬರಿನಿಂದ 624ಕ್ಕೆ ಏರುವುದಿತ್ತು. ಗಂಡ, ಹೆಂಡತಿ, ಇಬ್ಬರು ಮಕ್ಕಳು ಮೂರು ವರ್ಷದ ವೀಸಾ ತೆಗೆದುಕೊಂಡರೆ 4,800 ಪೌಂಡ್, ಅದೂ ಮುಂಗಡ. ಆಮೇಲೆ ಸಂಬಳದಲ್ಲಿ ಎಲ್ಲರಂತೆ ತೆರಿಗೆಯೂ ಕಡಿತ. ಇದೇ ಶುಲ್ಕವನ್ನು ಎನ್‌ಎಚ್‌ಎಸ್ ಆಸ್ಪತ್ರೆಯಲ್ಲಿ ದುಡಿಯಲು ಬಂದ ನರ್ಸ್, ಡಾಕ್ಟರುಗಳೂ ಕಟ್ಟುತ್ತಿದ್ದರು. ಮಾಸ್ಕ್ ಬಿಗಿದು ಬಿಗಿದು ಮೂಗಿನ ಮೇಲೆ ಗಾಯವಾದ ನಮ್ಮೂರ ಕಡೆಯ ನರ್ಸ್ ಒಬ್ಬರು, ತಾವು ಕೊಡುವ ಚಿಕಿತ್ಸೆಗೆ ತಾವೇ ಶುಲ್ಕ ತೆರಬೇಕೆಂದರೆ ಹೇಗೆ ಎಂದು ನನ್ನನ್ನು ಕೇಳಿದ್ದರು. ರಾಯಲ್ ಕಾಲೇಜ್ ಆಫ್ ನರ್ಸಿಂಗ್, ಭಾರತೀಯ ಮೂಲದ ವೈದ್ಯರ ಸಂಘ ಬಾಪಿಯೋ ಮುಂತಾದವು ಈ ಶುಲ್ಕ ತೆಗೆಯಿರೆಂದು ಕೇಳುತ್ತ ಬಂದಿದ್ದವು. ಸರ್ಕಾರ ಕ್ಯಾರೇ ಅಂದಿರಲಿಲ್ಲ.

ಮೇ 20, ಬುಧವಾರ. ಪ್ರಧಾನಿಯ ಪ್ರಶ್ನೋತ್ತರ ವೇಳೆ ವಿರೋಧ ಪಕ್ಷದ ನಾಯಕ ಕೀರ್ ಸ್ಟಾರ್ಮರ್ ಇದನ್ನೆತ್ತಿದರು. ಏಪ್ರಿಲ್‌ನಲ್ಲಷ್ಟೇ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಐಸಿಯುನಲ್ಲಿ ಮಲಗಿದ್ದು, ನ್ಯೂಜಿಲೆಂಡ್ ಮತ್ತು ಪೋರ್ಚುಗಲ್‌ನಿಂದ ಬಂದ ಇಬ್ಬರು ನರ್ಸುಗಳಿಗೆ ದೇಶದೆದುರು ಧನ್ಯವಾದ ಹೇಳಿದ್ದ ಪ್ರಧಾನಿ ಬೋರಿಸ್ ಜಾನ್ಸನ್, ಶುಲ್ಕ ಬೇಕೇಬೇಕು ಎಂದು ಸಮರ್ಥಿಸಿಕೊಂಡರು. ಅವರ ಪಕ್ಷದ ಸಂಸದರೇ ಮುಖ ತಿರುಗಿಸಿದರು. ಗುರುವಾರ ಸಂಜೆಯ ಹೊತ್ತಿಗೆ ಎನ್‌ಎಚ್‌ಎಸ್ ಮತ್ತು ವೃದ್ಧರು, ಅಶಕ್ತರನ್ನು ನೋಡಿಕೊಳ್ಳುವ ಕೇರ್ ಸಿಬ್ಬಂದಿಗೆ ಶುಲ್ಕ ರದ್ದು!

ಅದೇ ಬುಧವಾರ ಇನ್ನೊಂದು ನಡೆದಿತ್ತು. ಕೊರೊನಾದಿಂದ ಸತ್ತ ವಲಸಿಗ ಡಾಕ್ಟರು, ನರ್ಸುಗಳ ಕುಟುಂಬಕ್ಕೆ ಇಲ್ಲೇ ನೆಲೆಸುವ ಹಕ್ಕು ಕೊಡುವ ಯೋಜನೆಯನ್ನು ಏಪ್ರಿಲ್‌ನಲ್ಲಿ ತಂದಿದ್ದರು. ಅದೇ ವಾರ್ಡಿನ ನೆಲ ಒರೆಸುವವರನ್ನು, ಸ್ಟ್ರೆಚರ್ ತಳ್ಳುವವರನ್ನು ಮಾತ್ರ ಬಿಟ್ಟಿದ್ದರು. ಹಸನ್ ಅಕ್ಕಾದ್ ಎಂಬ ಸಿರಿಯಾದ ನಿರಾಶ್ರಿತ ಚಲನಚಿತ್ರಕಾರ ಆಗ ಲಂಡನ್ನಿನ ಒಂದು ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿ ಕ್ಲೀನರ್ ಆಗಿ ದುಡಿಯುತ್ತಿದ್ದರು. ಕಾರಿನಲ್ಲಿ ಕೂತು, ಫೋನಿಗೆ ಮುಖ ಕೊಟ್ಟು, ನೇರ ಪ್ರಧಾನಿಗೇ ಮಾತಾಡಿ ವಿಡಿಯೊ ಹರಿಯಬಿಟ್ಟರು. ಸರ್ಕಾರ ಗುರುವಾರದ ಸಂಜೆ ತನಕವೂ ಕಾಯಲಿಲ್ಲ. ಬುಧವಾರವೇ ಯೋಜನೆ ಎಲ್ಲ ಸಿಬ್ಬಂದಿಗೂ ವಿಸ್ತರಣೆಯಾಯಿತು. ಸಹಿ ಸಂಗ್ರಹ ಇಲ್ಲ, ಸಮಿತಿ ಇಲ್ಲ, ಒಬ್ಬ ಮನುಷ್ಯನ ಮುಖ. ಲಕ್ಷ ಸಹಿಗಳಿಗೆ ಮಣಿಯದ್ದು ಆ ಮುಖಕ್ಕೆ ಮಣಿಯಿತು. ಇದು ಸರಿಯೋ ಎಂದರೆ ನನಗೆ ಸಂದೇಹವಿದೆ. ಕ್ಯಾಮೆರಾ ಮುಂದೆ ನಿಲ್ಲಲು ಬಾರದ ಕ್ಲೀನರ್‌ಗಳೇ ಹೆಚ್ಚಲ್ಲವೆ?

ಮುಖವೂ ಸಂಖ್ಯೆಯೂ ಒಂದಾದರೆ ಏನಾಗುತ್ತದೆ ಎಂಬುದನ್ನು ತೋರಿಸಿದ್ದು ಫುಟ್‌ಬಾಲ್ ಆಟಗಾರ ಮಾರ್ಕಸ್ ರ‍್ಯಾಶ್‌ಫರ್ಡ್. ಆಗ 22ರ ಹುಡುಗ. ಚಿಕ್ಕಂದಿನಲ್ಲಿ ಸ್ವತಃ ಶಾಲೆಯ ಉಚಿತ ಊಟ ಉಂಡವರು. ಬೇಸಿಗೆ ರಜೆಯಲ್ಲೂ ಬಡ ಮಕ್ಕಳಿಗೆ ಊಟದ ವೋಚರ್ ಮುಂದುವರಿಸಿ ಎಂದು ಜೂನ್ 15ರಂದು ಎಲ್ಲ ಸಂಸದರಿಗೆ ಬಹಿರಂಗ ಪತ್ರ ಬರೆದರು. ಮರುದಿನ ಸರ್ಕಾರ ಒಪ್ಪಿತು: ಇಂಗ್ಲೆಂಡಿನ ಸುಮಾರು 13 ಲಕ್ಷ ಮಕ್ಕಳಿಗೆ ವಾರಕ್ಕೆ 15 ಪೌಂಡ್, ಆರು ವಾರ. ಅಕ್ಟೋಬರಿನಲ್ಲಿ ಮತ್ತೆ ರಜೆ, ಮತ್ತೆ ಬೇಡಿಕೆ. ಈ ಸಲ ಸಂಸತ್ತಿನ ಮನವಿ, 11 ಲಕ್ಷದಷ್ಟು ಸಹಿ. ಅಕ್ಟೋಬರ್ 21ರಂದು ಇದೇ ವಿಷಯದ ವಿರೋಧ ಪಕ್ಷದ ನಿರ್ಣಯವನ್ನು 322–261ರಿಂದ ಸೋಲಿಸಿದರು. ಆ ವಾರ ನಾನಿದ್ದ ಬೀದಿಯಲ್ಲೇ ಕೆಫೆಯೊಂದರ ಗಾಜಿಗೆ ಕೈಬರಹದ ಚೀಟಿ: ರಜೆಯಲ್ಲಿ ಮಕ್ಕಳಿಗೆ ಊಟದ ಪೊಟ್ಟಣ ಉಚಿತ, ಯಾರೂ ಏನೂ ಕೇಳುವುದಿಲ್ಲ. ದೇಶದುದ್ದಕ್ಕೂ ಇಂಥ ಚೀಟಿಗಳು. ನವೆಂಬರ್ 8ರಂದು ಸರ್ಕಾರ ಮತ್ತೆ ಪಟ್ಟು ಸಡಿಲಿಸಿ, ಚಳಿಗಾಲಕ್ಕೆ 17 ಕೋಟಿ ಪೌಂಡ್ ನೆರವು ಪ್ರಕಟಿಸಿತು. ಇಲ್ಲ ಎಂದು ಮತ ಹಾಕಿದ್ದ 322 ಮಂದಿಯ ಹೆಸರು ದಾಖಲೆಯಲ್ಲಿ ಹಾಗೇ ಇತ್ತು, ಕ್ಷೇತ್ರದವರು ಅವರನ್ನು ಸುಮ್ಮನೆ ಬಿಡಲಿಲ್ಲ.

ಈ ನೆಲಕ್ಕೆ ಇದು ಹೊಸದಲ್ಲ. ಲಂಡನ್ನಿನ ಸೋಹೊದಲ್ಲಿ ಹಿಡಿಕೆ ಇಲ್ಲದ ನೀರಿನ ಪಂಪ್ ಒಂದಿದೆ; 1854ರ ಕಾಲರಾ ಹೊತ್ತಿನಲ್ಲಿ ಡಾಕ್ಟರ್ ಜಾನ್ ಸ್ನೋ, ರೋಗ ಹರಡುತ್ತಿರುವುದು ಈ ನೀರಿನಿಂದಲೇ ಎಂದು ಅಲ್ಲಿನ ಸ್ಥಳೀಯ ಪ್ಯಾರಿಷ್ ಮಂಡಳಿಗೆ ಹೇಳಿ ಹಿಡಿಕೆ ತೆಗೆಸಿದ ಕಥೆಗೆ ನೆನಪಿನ ಪ್ರತಿಕೃತಿ. ಪ್ರವಾಸಿಗರು ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ನನ್ನನ್ನು ಹೆಚ್ಚು ಕಾಡುವುದು ಅದಕ್ಕೂ ಐದು ವರ್ಷ ಹಿಂದಿನ ಒಂದು ಪತ್ರ. ಅಲ್ಲೇ ಪಕ್ಕದ ಸೇಂಟ್ ಜೈಲ್ಸ್ ಕೊಳೆಗೇರಿಯ 54 ನಿವಾಸಿಗಳು 1849ರ ಜುಲೈನಲ್ಲಿ ‘ದಿ ಟೈಮ್ಸ್’ ಪತ್ರಿಕೆಗೆ ಬರೆದದ್ದು. ಸಾಲಿಗೊಂದು ಕಾಗುಣಿತ ತಪ್ಪು. ಪತ್ರಿಕೆ ತಿದ್ದದೆ ಹಾಗೇ ಅಚ್ಚು ಹಾಕಿತು. ನಮಗೆ ಕಕ್ಕಸಿಲ್ಲ, ಕಸದ ತೊಟ್ಟಿಯಿಲ್ಲ, ಚರಂಡಿಯಿಲ್ಲ, ನೀರಿಲ್ಲ. ಒಳಚರಂಡಿ ಕಂಪನಿಯ ದೊಡ್ಡ ಮನುಷ್ಯರು ನಮ್ಮ ದೂರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಕಾಲರಾ ಬಂದರೆ ದೇವರೇ ಗತಿ ಎಂಬುದು ಅದರ ಸಾರ. ಆ ಸುತ್ತಿನ ಕಾಲರಾ ಲಂಡನ್ನಿನಲ್ಲಿ ಸುಮಾರು 14 ಸಾವಿರ ಜನರನ್ನು ತಿಂದಿತು. ನಗರಕ್ಕೆ ದೊಡ್ಡ ಒಳಚರಂಡಿಗಳು ಮಂಜೂರಾದದ್ದು 1858ರ ಬೇಸಿಗೆಯಲ್ಲಿ, ಥೇಮ್ಸ್‌ನ ಗಬ್ಬುನಾತ ಸಂಸತ್ತಿನ ಕಿಟಕಿಯೊಳಗೇ ನುಗ್ಗಿದಾಗ. ಆಗ ಮಸೂದೆ 18 ದಿನದಲ್ಲಿ ಪಾಸಾಯಿತು. ಬಡವರ ಮೂಗಿಗೂ ಸಂಸದರ ಮೂಗಿಗೂ ಇರುವ ವ್ಯತ್ಯಾಸ ಒಂಬತ್ತು ವರ್ಷ.

ಸಂಸದರ ಕಿಟಕಿಗೆ ಕಾಣುವಂತೆ ದುಃಖವನ್ನು ತಂದು ನಿಲ್ಲಿಸಿದವರು 2021ರಲ್ಲೂ ಇದ್ದರು. ಕೊರೊನಾದಲ್ಲಿ ತಮ್ಮವರನ್ನು ಕಳೆದುಕೊಂಡ ಕುಟುಂಬಗಳು ಒಂದುಗೂಡಿ, ಆಗಿದ್ದೇನು ಎಂದು ಸಾರ್ವಜನಿಕ ವಿಚಾರಣೆ ಮಾಡಿ ಎಂದು ಕೇಳುತ್ತಿದ್ದವು. ಈಗ ಹೊತ್ತಲ್ಲ ಎಂಬುದೇ ಉತ್ತರ. ಮಾರ್ಚ್ 29ರಂದು ಅವರು ಥೇಮ್ಸ್ ದಂಡೆಯ ಗೋಡೆಯೊಂದರ ಮೇಲೆ ಕೆಂಪು ಹೃದಯಗಳನ್ನು ಬಿಡಿಸಲು ಶುರು ಮಾಡಿದರು, ಸತ್ತ ಒಬ್ಬೊಬ್ಬರಿಗೆ ಒಂದೊಂದು. ಗೋಡೆಯ ಹಿಂದೆ ಜಾನ್ಸನ್ ಮಲಗಿದ್ದ ಅದೇ ಸೇಂಟ್ ಥಾಮಸ್ ಆಸ್ಪತ್ರೆ, ಎದುರು ದಡದಲ್ಲಿ ಸಂಸತ್ತು. ಅರ್ಧ ಕಿಲೋಮೀಟರ್ ಉದ್ದ. ಮೊದಲು ಬಳಸಿದ ಬಣ್ಣ ಬಿಸಿಲಿಗೆ ಗುಲಾಬಿಯಾಗಿ ಮಸುಕಾಯಿತು. ಸ್ವಯಂಸೇವಕರು ವಾರವಾರ ಬಂದು ಗೋಡೆಗೆ ಹಚ್ಚುವ ಗಟ್ಟಿ ಬಣ್ಣದಲ್ಲಿ ಮತ್ತೆ ತುಂಬುತ್ತಾರೆ, ಅಳಿದುಹೋದ ಹೆಸರುಗಳನ್ನು ಪೆನ್ನಿನಲ್ಲಿ ಮತ್ತೆ ಬರೆಯುತ್ತಾರೆ. ಅಲ್ಲಿ ನಡೆಯುತ್ತ ಹೋದರೆ ಪಟೇಲ್, ಸಿಂಗ್, ಖಾನ್ ಎಂಬ ಹೆಸರುಗಳು ಕಣ್ಣಿಗೆ ಬೀಳುತ್ತವೆ.

ಮೇ 12ರಂದು ಜಾನ್ಸನ್ ವಿಚಾರಣೆ ಘೋಷಿಸಿದರು. ಆ ಕುಟುಂಬಗಳನ್ನು ಅವರು ಮುಖತಃ ಭೇಟಿಯಾದದ್ದು ಸೆಪ್ಟೆಂಬರಿನಲ್ಲಿ. ವಿಚಾರಣೆಯ ಹೊಣೆ ಹೊತ್ತವರು ನಿವೃತ್ತ ನ್ಯಾಯಮೂರ್ತಿ ಹೆದರ್ ಹ್ಯಾಲೆಟ್. ಏನೇನು ವಿಚಾರಿಸಬೇಕು ಎಂಬ ಪಟ್ಟಿಯನ್ನೂ ಜನರ ಮುಂದಿಟ್ಟರು, 20 ಸಾವಿರಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. ಕರಡಿನಲ್ಲಿ ಇಲ್ಲದಿದ್ದ ಮಕ್ಕಳ ವಿಷಯ, ಮಾನಸಿಕ ಆರೋಗ್ಯದ ವಿಷಯ ಸೇರಿದ್ದು ಹಾಗೆ. 2024ರ ಜುಲೈನಲ್ಲಿ ಬಂದ ಮೊದಲ ವರದಿ, ದೇಶ ತಪ್ಪು ಸಾಂಕ್ರಾಮಿಕಕ್ಕೆ, ಅಂದರೆ ಫ್ಲೂಗೆ, ಸಜ್ಜಾಗಿ ಕೂತಿತ್ತು ಎಂದಿತು. ವಿಚಾರಣೆ ಬಹಳ ನಿಧಾನ, ಖರ್ಚು ವಿಪರೀತ ಎಂದು ಗೊಣಗುವವರು ಇಲ್ಲಿ ಬೇಕಾದಷ್ಟಿದ್ದಾರೆ. ಆದರೂ ಪ್ರಧಾನಿಯಾಗಿದ್ದವರು ಪ್ರಮಾಣ ಮಾಡಿ ಕಟಕಟೆಯಲ್ಲಿ ಕೂತು ಉತ್ತರ ಕೊಡುವುದನ್ನು ನಾನು ನೇರ ಪ್ರಸಾರದಲ್ಲಿ ನೋಡಿದೆ, ಊಟದ ಹೊತ್ತು ಮೀರಿದ್ದೂ ತಿಳಿಯಲಿಲ್ಲ.

ಎಲ್ಲ ಮನವಿಗಳೂ ಒಂದೇ ದಿಕ್ಕಿಗೆ ಎಳೆಯುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಲಾಕ್‌ಡೌನ್ ಬೇಗ ಹಾಕಿ ಎನ್ನುವವರ ಪಕ್ಕದಲ್ಲೇ ಹಾಕಲೇಬೇಡಿ ಎನ್ನುವವರು. ಲಸಿಕೆ ಪಾಸ್‌ಪೋರ್ಟ್ ಬೇಡ ಎಂಬ ಮನವಿಗೆ 3 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದು, ಅದೂ ಸಂಸದರ ಚರ್ಚೆಗೆ ಬಂತು. ನನಗೆ ಅದು ಒಪ್ಪಿಗೆಯಿರಲಿಲ್ಲ. ಅವರಿಗೂ ನಮಗೆ ಕೊಟ್ಟಷ್ಟೇ ಉದ್ದದ ಉತ್ತರ ಸಿಕ್ಕಿತು.

ಹೊಸದಾಗಿ ಬರುತ್ತಿರುವವರಿಗೆ ಕಿವಿಮಾತು: ಸಹಿಯಷ್ಟೇ ಅಲ್ಲ, ಕಾಮನ್‌ವೆಲ್ತ್ ದೇಶದವರಾದ ನಮಗೆ ವೀಸಾ ಮೇಲಿದ್ದರೂ ಇಲ್ಲಿ ಮತದಾನದ ಹಕ್ಕಿದೆ, ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕು ಅಷ್ಟೆ. ನಿಮ್ಮ ಸಂಸದರಿಗೆ ಬರೆಯುವಾಗ ವಿಳಾಸ, ಪೋಸ್ಟ್‌ಕೋಡ್ ಮರೆಯಬೇಡಿ. ತಮ್ಮ ಕ್ಷೇತ್ರದವರಲ್ಲ ಎಂದು ಕಂಡರೆ ಅವರ ಕಚೇರಿ ಪತ್ರವನ್ನು ಬದಿಗಿಡುತ್ತದೆ. ಸರ್‌ಚಾರ್ಜ್ 2024ರ ಫೆಬ್ರವರಿಯಿಂದ ಬಹುತೇಕ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್ ಆಗಿದೆ. ಆರೋಗ್ಯ ಮತ್ತು ಆರೈಕೆ ಕೆಲಸದ ವೀಸಾದವರಿಗೆ ಆ ಗುರುವಾರ ಸಿಕ್ಕ ವಿನಾಯಿತಿ ಮುಂದುವರಿದಿದೆ. ಉಳಿದವರು ವೀಸಾ ಅರ್ಜಿ ತುಂಬುವ ಮೊದಲೇ ಈ ಹಣ ಜೋಡಿಸಿಟ್ಟುಕೊಳ್ಳಿ, ಕಂತಿನಲ್ಲಿ ಕಟ್ಟಲು ಬಿಡುವುದಿಲ್ಲ.