ಬೇಗ ಕೊಡು ಎಂದು ಕೇಳಲಾಗದ ಪ್ರಾರ್ಥನೆ

ಕಿಡ್ನಿಗಾಗಿ ನಮ್ಮವರ ಹೆಸರು ಜೀವಸಾರ್ಥಕತೆಯ ಪಟ್ಟಿಯಲ್ಲಿದೆ. ಮೆದುಳು ನಿಷ್ಕ್ರಿಯಗೊಂಡವರ ಮನೆಯವರು ದಾನ ಕೊಟ್ಟ ಅಂಗಾಂಗಗಳನ್ನು ಕರ್ನಾಟಕದಲ್ಲಿ ಸರದಿಯ ಪ್ರಕಾರ ಹಂಚುವ ವ್ಯವಸ್ಥೆ ಅದು. ನನ್ನ ಕಿಡ್ನಿಯನ್ನೇ ಕೊಡೋಣವೆಂದರೆ ನನಗೆ ಶುಗರ್, ಡಾಕ್ಟರು ಒಪ್ಪಲಿಲ್ಲ. ಹಾಗಾಗಿ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಕುಡಿಯುವ ನೀರಿಗೂ ಅಳತೆ.

ನಾವು ಹೋಗುವುದು ಬೆಂಗಳೂರಿನ ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚಿಗೆ. "ಕರ್ತನ ಸಮಯಕ್ಕೆ ಕಾಯಿರಿ ಸಿಸ್ಟರ್, ಬೇಗ ಆಗುತ್ತೆ" ಅನ್ನುತ್ತಾರೆ, ಪ್ರೀತಿಯಿಂದಲೇ. ಆದರೆ ಮೊಣಕಾಲೂರಿದಾಗ ಆ "ಬೇಗ" ನನ್ನ ಗಂಟಲಲ್ಲೇ ನಿಲ್ಲುತ್ತದೆ. ನಮಗೆ ಬೇಗ ಆಗಬೇಕೆಂದರೆ ಇನ್ಯಾರದೋ ಮನೆಯಲ್ಲಿ ಸಾವಾಗಬೇಕು. ಅದನ್ನು ದೇವರ ಹತ್ತಿರ ಹೇಗೆ ಕೇಳಲಿ?

ಕಳೆದ ಮಳೆಗಾಲದ ಒಂದು ರಾತ್ರಿ ಆಸ್ಪತ್ರೆಯಿಂದ ಫೋನ್ ಬಂತು. ಏನೂ ತಿನ್ನಿಸದೆ ತಕ್ಷಣ ಕರೆದುಕೊಂಡು ಬನ್ನಿ ಅಂದರು. ಹೋದರೆ ಅದೇ ರಕ್ತದ ಗುಂಪಿನ ಇನ್ನೊಬ್ಬರನ್ನೂ ಕರೆಸಿದ್ದರು. ಆ ಕಿಡ್ನಿ ಯಾರಿಗೆ ಹೊಂದುತ್ತದೆ ಎಂದು ನೋಡುವ ಕ್ರಾಸ್‌ಮ್ಯಾಚ್‌ ಪರೀಕ್ಷೆಗೆ ಇಬ್ಬರ ರಕ್ತವೂ ಹೋಯಿತು. ಅವರ ಹೆಂಡತಿ, ರಾಮನಗರದ ಕಡೆಯವರು, ಪಕ್ಕದಲ್ಲಿ ಬಂದು ಕೂತರು. "ಅಕ್ಕಾ, ಒಂದೇ ಇರೋದಂತೆ" ಅಂದರು. ಹೂಂ ಅಂದೆ. ಸ್ವಲ್ಪ ಹೊತ್ತಾದ ಮೇಲೆ ತಮ್ಮ ಫ್ಲಾಸ್ಕಿನಿಂದ ನನಗೂ ಟೀ ಬಗ್ಗಿಸಿ ಕೊಟ್ಟರು.

ಮೆದುಳಿನ ಸಾವನ್ನು ಖಚಿತಪಡಿಸಲು ಎರಡು ಬಾರಿ ಪರೀಕ್ಷೆ ಮಾಡಬೇಕು, ನಡುವೆ ಕನಿಷ್ಠ 6 ಗಂಟೆ ಬಿಡಬೇಕು. ಅಂಗಾಂಗ ಕಸಿಯ 1994ರ ಕಾಯ್ದೆಯಡಿ ಇರುವ ನಿಯಮ ಇದು. ಆ ಮನೆಯವರು ಅಷ್ಟು ಹೊತ್ತು ಎಲ್ಲಿ ಕೂತಿದ್ದರೋ, ಏನೆಂದು ಬೇಡಿಕೊಂಡರೋ. ನಮ್ಮವರ ಎಡಗೈ ಹಿಡಿದುಕೊಂಡೆ. ಡಯಾಲಿಸಿಸ್‌ಗೆಂದು ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ ಜಾಗದಲ್ಲಿ ರಕ್ತ ಜುಂಯ್ ಎಂದು ಹರಿಯುವುದು ಬೆರಳಿಗೆ ತಾಕುತ್ತದೆ. ಅದರ ಮೇಲೆ ಕೈಯಿಟ್ಟು ಆ ಕಾಣದ ಮನೆಗಾಗಿ ಪ್ರಾರ್ಥಿಸಿದೆ. ನಮಗಾಗಿ ಒಂದು ಮಾತೂ ಬರಲಿಲ್ಲ.

ಬೆಳಗಾಗುವ ಹೊತ್ತಿಗೆ ಇವರಿಗೆ ಹೊಂದಲಿಲ್ಲ ಎಂದು ತಿಳಿಯಿತು. "ಅವರಿಗಾದರೂ ಆಯ್ತಲ್ಲ, ಬಾ, ಹಸಿವಾಗ್ತಿದೆ, ಇಡ್ಲಿ ತಿನ್ನೋಣ" ಅಂದರು. ಆಟೋದಲ್ಲಿ ನಾನು ಅಳುತ್ತಲೇ ಬಂದೆ.

ಯೋಹಾನನ ಸುವಾರ್ತೆಯ 11ನೇ ಅಧ್ಯಾಯವನ್ನು ಆ ವಾರ ಮತ್ತೆ ಮತ್ತೆ ಓದಿದೆ. ಲಾಜರನಿಗೆ ಕಾಯಿಲೆ ಎಂದು ಕೇಳಿಯೂ ಯೇಸು ಇದ್ದಲ್ಲೇ ಎರಡು ದಿನ ಉಳಿದ. ಬರುವಷ್ಟರಲ್ಲಿ ಸಮಾಧಿಯಾಗಿ ನಾಲ್ಕು ದಿನ. ನೀನು ಇಲ್ಲಿದ್ದಿದ್ದರೆ ತಮ್ಮ ಸಾಯುತ್ತಿರಲಿಲ್ಲ ಎಂದು ಲಾಜರನ ಅಕ್ಕ ಮಾರ್ಥಳು ನೇರವಾಗಿ ಹೇಳುತ್ತಾಳೆ. ಹೇಳುವುದಕ್ಕೆ ಊರಾಚೆಗೇ ಎದ್ದು ಹೋಗುತ್ತಾಳೆ. ತಡಮಾಡಿದವನು ಅವಳನ್ನು ಗದರಲಿಲ್ಲ, ಅವರ ಜೊತೆ ನಿಂತು ಅತ್ತ. ತಾಳ್ಮೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಕಲಿಸಿಬಿಟ್ಟಿದ್ದೇವೆ. ಮಾರ್ಥಳ ನಂಬಿಕೆ ಹಾಗಿರಲಿಲ್ಲ. ನಾನೂ ಈಗ ಆತನ ಹತ್ತಿರ ಗೊಣಗುತ್ತೇನೆ, ಗೊಣಗಿ ಅಲ್ಲೇ ಕೂರುತ್ತೇನೆ.

ಕೆಲವು ದಿನಗಳ ನಂತರ ರಾಮನಗರದವರ ಫೋನ್. "ಅಕ್ಕಾ, ಮೂತ್ರ ಚೆನ್ನಾಗಿ ಬರ್ತಾ ಇದೆ!" ಹೊಸ ಕಿಡ್ನಿ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ಆ ಭಾನುವಾರ ಇವರು ಸ್ತೋತ್ರ ಕಾಣಿಕೆಯ ಕವರಿನ ಮೇಲೆ ತಮ್ಮ ಹೆಸರು ಬರೆಯದೆ, "ಗೆಳೆಯರೊಬ್ಬರ ಆರೋಗ್ಯಕ್ಕಾಗಿ" ಎಂದು ಬರೆದು ಹಾಕಿದರು. ನಮ್ಮ ಹೆಸರು ಪಟ್ಟಿಯಲ್ಲಿ ಇನ್ನೂ ಇದೆ. ಆರಾಧನೆಯಲ್ಲೂ ನಾನು ಫೋನ್ ಆಫ್ ಮಾಡುವುದಿಲ್ಲ, ನಮ್ಮ ಪಾದ್ರಿ ಅಯ್ಯನವರಿಗೆ ಹೇಳಿಟ್ಟಿದ್ದೇನೆ.