ಇದ್ದಿಲು, ಅದಿರು ಮತ್ತು ಒಂದು ಉದ್ದದ ಸ್ಕೇಲು

ಭದ್ರಾವತಿಯಲ್ಲಿ ಓದಿದ ನಮಗೆ ಬಣ್ಣದ ಪೆಟ್ಟಿಗೆಗಿಂತ ಮೊದಲು ಇದ್ದಿಲು ಕೈಗೆ ಬಂತು. ಅದು ನಮ್ಮ ಡ್ರಾಯಿಂಗ್ ಮೇಷ್ಟ್ರ ಹಟ. ‘ಕಾರ್ಖಾನೆ ಚಿತ್ರ ಬರೀತೀರಾ? ಕಾರ್ಖಾನೆ ಏನು ತಿಂದು ಬೆಳೀತೋ ಅದರಲ್ಲೇ ಬರೀರಿ’ ಅನ್ನುತ್ತಿದ್ದರು.

1923ರಲ್ಲಿ ಇಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದಾಗ ಊದುಕುಲುಮೆಗೆ ಹಾಕಿದ್ದು ಮಲೆನಾಡಿನ ಮರದ ಇದ್ದಿಲು. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. 1936ರಲ್ಲಿ ಸ್ಥಾಪನೆಯಾದ ಕಾಗದದ ಮಿಲ್ಲಿಗೆ ಕಾಡಿನ ಬಿದಿರು.

ಮೇಷ್ಟ್ರು ಹುಣಸೆ ಕಡ್ಡಿಗಳನ್ನು ತಗಡಿನ ಡಬ್ಬಿಗೆ ತುಂಬಿಸಿ, ಮುಚ್ಚಳದ ಸಂದಿಗೆ ಜೇಡಿಮಣ್ಣು ಮೆತ್ತಿಸಿ, ಸಣ್ಣ ತೂತು ಬಿಟ್ಟು ಬೆಂಕಿಗೆ ಇಡಿಸುತ್ತಿದ್ದರು. ಗಾಳಿ ಆಡಿದರೆ ಬೂದಿ, ಆಡದಿದ್ದರೆ ಇದ್ದಿಲು. ತೂತಿನ ಹೊಗೆ ನಿಂತರೆ ಆಯ್ತು ಅಂತ ಲೆಕ್ಕ. ಅದಿರನ್ನು ನುಣ್ಣಗೆ ಅರೆದು ಗೋಂದು ಕಲಸಿದರೆ ಕೆಂಪು ಬಣ್ಣ. ಸಾಗರದ ಕಡೆ ದೀವರ ಹೆಂಗಸರು ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರಕ್ಕೆ ಬಳಸುವ ಕೆಮ್ಮಣ್ಣಿನ ಕೆಂಪೂ ಕಬ್ಬಿಣದ್ದೇ ಅಂತ ಹೇಳಿಕೊಟ್ಟವರೂ ಅವರೇ.

ನನ್ನನ್ನು ಜಾಸ್ತಿ ಹಿಡಿದದ್ದು ಮಾತ್ರ ಪ್ಯಾಟರ್ನ್ ಕೆಲಸ. ಸಹಪಾಠಿಯೊಬ್ಬನ ಅಪ್ಪ ಎರಕಕ್ಕೆ ಬೇಕಾದ ಮರದ ಮಾದರಿ ಮಾಡುವವರು. ಮೇಷ್ಟ್ರು ಅವರನ್ನು ಕ್ಲಾಸಿಗೆ ಕರೆಸಿದರು. ಅವರ ಸ್ಕೇಲನ್ನು ನಮ್ಮ ಸ್ಕೇಲಿನ ಪಕ್ಕ ಇಟ್ಟರೆ ಗೆರೆಗಳು ಕೂಡಲೇ ಇಲ್ಲ! ಅವರ ಅಡಿ ನಮ್ಮ ಅಡಿಗಿಂತ ಒಂಚೂರು ಉದ್ದ. ಕರಗಿದ ಕಬ್ಬಿಣ ತಣಿಯುವಾಗ ಕುಗ್ಗುತ್ತದೆ. ಬೀಡು ಕಬ್ಬಿಣವಾದರೆ ನೂರಕ್ಕೆ ಸುಮಾರು 1 ಪಾಲು. ಅಷ್ಟನ್ನು ಆ ಸ್ಕೇಲಿನಲ್ಲೇ ಸೇರಿಸಿರುತ್ತಾರೆ. ಮಾದರಿಯನ್ನು ಮರಳಲ್ಲಿ ಒತ್ತಿ, ಹೊರಗೆ ತೆಗೆದು, ಉಳಿದ ಪೊಳ್ಳಿಗೆ ಕಬ್ಬಿಣ ಹುಯ್ಯುತ್ತಾರೆ. ಎತ್ತುವಾಗ ಮರಳು ಕುಸಿಯಬಾರದಲ್ಲ, ಅದಕ್ಕೆ ಮಾದರಿಯ ಪಕ್ಕಗಳಿಗೆ ತುಸು ಇಳಿಜಾರು. ಕೈಯಲ್ಲಿ ಮರ ಇರುತ್ತದೆ, ಯೋಚನೆಯೆಲ್ಲ ಕಬ್ಬಿಣದ್ದು. ಇದು ಶಿಲ್ಪವೇ ಅಲ್ವಾ? ಗುಡಿಗಾರರ ಗಂಧದ ಕೆತ್ತನೆಗೆ ಸಿಗುವ ಮರ್ಯಾದೆ ಈ ಕೆಲಸಕ್ಕೂ ಸಿಗಬೇಕು. ನಾನು ಇದನ್ನು ಸುಮ್ನೆ ಹೇಳುತ್ತಿಲ್ಲ. ಆ ಮಾದರಿಗಳ ಅಂಚು, ತಿರುವುಗಳನ್ನು ಮುಟ್ಟಿ ನೋಡಿದ ಮೇಲೆ ನನಗೆ ಆಕಾರ ಅಂದರೆ ಏನೆಂದು ತಿಳಿಯಿತು.

ಕಾಗದದ ಮಿಲ್ಲು ನಿಂತು ವರ್ಷಗಳಾದವು. ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡ ಹಿರಿಯರು ಇನ್ನೂ ಊರಲ್ಲಿದ್ದಾರೆ. ಈಗಿನ ಡ್ರಾಯಿಂಗ್ ಟೀಚರಿಗೆ ನನ್ನದೊಂದು ಕೋರಿಕೆ: ಅವರಲ್ಲಿ ಒಬ್ಬರನ್ನಾದರೂ ಈ ವರ್ಷವೇ ಕ್ಲಾಸಿಗೆ ಕರೆಸಿ. ಅವರ ಸಾಮಾನುಗಳನ್ನೂ ತರಲು ಹೇಳಿ, ಮಕ್ಕಳ ಕೈಗೆ ಕೊಡಿಸಿ.