ಅಪ್ಪನ ಲಾಗ್‌ಬುಕ್, ಅಮ್ಮನ ಖರ್ಚಿನ ಪುಸ್ತಕ: ಕೆಲಸ ಎಲ್ಲಿಗೆ ಬಂತು

ಅಪ್ಪನ ಲಾಗ್‌ಬುಕ್‌ನಲ್ಲಿ ಡಕೋಟಾ ಎಂಬ ಸಾಗಣೆ ವಿಮಾನ ಹಾರಿಸಿದ ವರ್ಷಗಳೆಲ್ಲ ಕಂಪ್ಯೂಟರಿಗೆ ಏರಿದವು. ಅಮ್ಮನ ಖರ್ಚಿನ ಪುಸ್ತಕಗಳಲ್ಲಿ 1968ರಿಂದ 1972ರವರೆಗಿನವು ಮುಗಿದಿವೆ. ಉಳಿದವುಗಳಲ್ಲಿ ಕೆಲವಕ್ಕೆ ಗೆದ್ದಲು ಹಿಡಿದಿದೆ, ಹಾಳೆ ಬಿಡಿಸುವುದೇ ಕಷ್ಟ. ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ಕೈಗೆತ್ತಿಕೊಂಡ ಕೆಲಸ ಇದು. ವಾಯುಪಡೆಯ ಪೈಲಟ್ ಆಗಿ ಅವರು ಅಸ್ಸಾಮಿನ ಜೋರ್ಹಾಟಿನಲ್ಲಿ ಕಳೆದ ದಿನಗಳನ್ನೂ ಮೈಸೂರಿನ ಸರಸ್ವತಿಪುರದ ನಮ್ಮ ಮನೆಯ ದಿನಗಳನ್ನೂ ತಾರೀಖಿನ ಪ್ರಕಾರ ಅಕ್ಕಪಕ್ಕ ಇಡಬೇಕು ಎಂಬುದು ನನ್ನ ಆಸೆ.

ಲಾಗ್‌ಬುಕ್‌ನಲ್ಲಿ ತಾರೀಖು, ವಿಮಾನದ ಸಂಖ್ಯೆ, ಜೊತೆಗಿದ್ದ ಪೈಲಟ್, ಕೆಲಸ, ಹಾರಿದ ಹೊತ್ತು ಎಲ್ಲವೂ ಇವೆ. ಹಗಲಿನ ಹಾರಾಟಕ್ಕೆ ನೀಲಿ ಶಾಯಿ, ರಾತ್ರಿಯದಕ್ಕೆ ಕೆಂಪು. ತಿಂಗಳ ಕೊನೆಗೆ ಮೊತ್ತ, ಮೇಲಧಿಕಾರಿಯ ಸಹಿ. ನೀಲಿ ಇನ್ನೂ ಗಟ್ಟಿಯಾಗಿದೆ, ಕೆಂಪು ಮಾಸಿ ಗುಲಾಬಿಯಾಗಿದೆ. ಸ್ಕ್ಯಾನರಿನ ಗಾಜಿಗೆ ಒತ್ತಿದರೆ ಹೊಲಿಗೆ ಬಿಟ್ಟೀತೆಂದು ಬೆಳಗಿನ ಹೊತ್ತು ಕಿಟಕಿಯ ಬಳಿ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದೇನೆ.

ಕೆಲಸದ ಅಂಕಣದಲ್ಲಿ ಪುಟಗಟ್ಟಲೆ ಇರುವುದು ‘ಸಪ್ಲೈ ಡ್ರಾಪ್’. ಅರುಣಾಚಲ ಪ್ರದೇಶಕ್ಕೆ ಆಗಿನ್ನೂ ನೇಫಾ ಎಂಬ ಹೆಸರಿತ್ತು. ಅಲ್ಲಿನ ಎಷ್ಟೋ ಗಡಿ ಠಾಣೆಗಳಿಗೆ ರಸ್ತೆ ಇರಲಿಲ್ಲ. ಬಾಗಿಲು ಕಳಚಿದ ಡಕೋಟಾದಲ್ಲಿ ಅಕ್ಕಿ, ಬೇಳೆ, ಉಪ್ಪು ತುಂಬಿಕೊಂಡು ಕಣಿವೆಯೊಳಗೆ ತಗ್ಗಿನಲ್ಲಿ ಹಾರಿ, ಗುರಿ ಕಂಡೊಡನೆ ಮೂಟೆಗಳನ್ನು ಹೊರಕ್ಕೆ ತಳ್ಳಬೇಕು. ಅಕ್ಕಿ ಮೂಟೆಗೆ ಪ್ಯಾರಾಚೂಟ್ ಇಲ್ಲ. ಗೋಣಿಯೊಳಗೆ ಗೋಣಿ ಇಟ್ಟು ಹೊಲಿಯುತ್ತಿದ್ದರು. ನೆಲಕ್ಕೆ ಬಡಿದು ಒಳಗಿನದು ಒಡೆದರೂ ಹೊರಗಿನದು ಅಕ್ಕಿಯನ್ನು ಹಿಡಿದುಕೊಳ್ಳುತ್ತಿತ್ತು. ಒಂದೇ ಸುತ್ತಿಗೆ ಎಲ್ಲವನ್ನೂ ಹಾಕಿ ಮುಗಿಸಲು ಆಗದು, ಅದೇ ಇಕ್ಕಟ್ಟಿನಲ್ಲಿ ಮತ್ತೆ ಮತ್ತೆ ತಿರುಗಿ ಬರಬೇಕು. ಮೋಡ ಮುಚ್ಚಿತೆಂದರೆ ಮೂಟೆಗಳ ಸಮೇತ ವಾಪಸು.

ಡಕೋಟಾ ಎಂದರೆ 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ಕಥೆಯನ್ನೂ, ಮರುವರ್ಷ ವಾಯುಪಡೆಯ ಅಧಿಕಾರಿ ಮೆಹರ್ ಸಿಂಗ್ ಅವರು ಲೇಹ್‌ನಲ್ಲಿ ಇಳಿದ ಕಥೆಯನ್ನೂ ಜನ ಹೇಳುತ್ತಾರೆ. ಹೇಳಲೇಬೇಕಾದ ಕಥೆಗಳೇ. ಅಕ್ಕಿ ಹಾಕಿದವರ ಸುದ್ದಿ ಮಾತ್ರ ಅಪರೂಪ. 1971ರ ಡಿಸೆಂಬರ್ 11ರಂದು, ಬಾಂಗ್ಲಾದೇಶದ ಯುದ್ಧದಲ್ಲಿ, ಅಲ್ಲಿನ ಟಾಂಗಾಯಿಲ್‌ನಲ್ಲಿ ನಮ್ಮ ಪ್ಯಾರಾ ಸೈನಿಕರು ಧುಮುಕಿದಾಗ ಆ ವಿಮಾನಗಳ ಸಾಲಿನಲ್ಲಿ ಡಕೋಟಾಗಳೂ ಇದ್ದವು. ಅಪ್ಪ ಅಲ್ಲಿರಲಿಲ್ಲ. ಆ ದಿನವೂ ಅವರ ಪುಟದಲ್ಲಿ ಇರುವುದು ಸಪ್ಲೈ ಡ್ರಾಪ್, 2 ಗಂಟೆ 50 ನಿಮಿಷ. ಯುದ್ಧ ನಡೆಯುತ್ತಿದ್ದರೂ ಗುಡ್ಡದ ಮೇಲಿರುವವರಿಗೆ ಊಟ ಬೇಕಲ್ಲವೇ? ಆ ಸಾಲನ್ನು ಟೈಪ್ ಮಾಡುವಾಗ ನನಗೆ ಹೆಮ್ಮೆಯಾಯಿತು.

ಇನ್ನು ಅಮ್ಮನ ಪುಸ್ತಕ. ‘ಮ.ಆ. ಬಂತು’ ಎಂದರೆ ಅಪ್ಪನ ಮನಿಯಾರ್ಡರ್; ಇಂಥವನ್ನೆಲ್ಲ ಅಮ್ಮನೇ ಬಿಡಿಸಿ ಹೇಳಬೇಕು. ಅಕ್ಕನಿಗೆ ಟೈಫಾಯ್ಡ್ ಆದಾಗ ದಿನವೂ ಮೂಸಂಬಿ, ಔಷಧಿ, ಟಾಂಗಾ ಬಾಡಿಗೆ ಎಂದು ಎರಡು ವಾರ ಬರೆದಿದ್ದಾರೆ. ಅಂಚೆ ಖರ್ಚು ಮಾತ್ರ ಎಲ್ಲೂ ಕಾಣಲಿಲ್ಲ. ಕೇಳಿದೆ. “ಜ್ವರ ಬಿಟ್ಟ ಮೇಲೆಯೇ ಕಾಗದ ಹಾಕಿದೆ. ವಿಮಾನದಲ್ಲಿ ಕೂತವರ ತಲೆಗೆ ಮನೆಯ ಚಿಂತೆ ಯಾಕೆ ತುಂಬಬೇಕು?” ಎಂದರು. ಅಲ್ಲಿಂದ ನನ್ನ ಪಟ್ಟಿಗೆ ಇನ್ನೊಂದು ಅಂಕಣ ಸೇರಿತು: ‘ತಿಳಿದ ದಿನ’. ಮನೆಯಲ್ಲಿ ನಡೆದದ್ದು ಅಪ್ಪನಿಗೆ ಯಾವಾಗ ಗೊತ್ತಾಯಿತು ಎಂಬುದರ ಲೆಕ್ಕ ಅದು.

ಅಪ್ಪನ ಕಡೆಯಿಂದಲೂ ಮುಚ್ಚಿಟ್ಟದ್ದು ಇತ್ತು. 1969ರ ಸೆಪ್ಟೆಂಬರಿನ ಒಂದು ಸಾಲಿನಲ್ಲಿ, ಎಡಗಡೆಯ ಎಂಜಿನ್ ಕೈಕೊಟ್ಟು ಇನ್ನೊಂದರ ಬಲದಲ್ಲೇ ಮರಳಿದ್ದನ್ನು ಚಿಕ್ಕ ಅಕ್ಷರದಲ್ಲಿ ಬರೆದಿದ್ದಾರೆ. ಓದಿ ಹೇಳಿದೆ. ಅಮ್ಮ ತಾರೀಖು ಕೇಳಿ, ಕನ್ನಡಕ ಸರಿಮಾಡಿಕೊಂಡು ತಮ್ಮ ಪುಸ್ತಕ ತಿರುವಿದರು. ಬೆಲ್ಲ, ಕಡಲೆಬೇಳೆ, ಬಾಳೆ ಎಲೆ, ಬಾಗಿನದ ಸಾಮಾನು. “ಗೌರಿ ಹಬ್ಬ. ಒಬ್ಬಟ್ಟು ಮಾಡಿದ್ದೆ. ಮುಂದಿನ ಕಾಗದದಲ್ಲಿ ಒಬ್ಬಟ್ಟು ಎಷ್ಟು ಮಾಡಿದೆ ಎಂದು ಕೇಳಿದ್ದರೇ ಹೊರತು ಇದನ್ನು ಬರೆದಿರಲಿಲ್ಲ” ಎಂದು ಬಹಳ ಹೊತ್ತು ಆ ಪುಟದ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ಆ ಸಾಲಿನ ಮುಂದೆ ‘ತಿಳಿದ ದಿನ’ ಎಂದು ಈ ವರ್ಷದ ತಾರೀಖನ್ನೇ ಹಾಕಿದ್ದೇನೆ.

ನಿವೃತ್ತರಾಗಿ ಮೈಸೂರಿಗೆ ಬಂದ ಮೇಲೆ ಖರ್ಚಿನ ಪುಸ್ತಕ ಅಪ್ಪನ ಕೈಗೆ ಬಂದಿದೆ. ಲಾಗ್‌ಬುಕ್ಕಿನದೇ ಅಕ್ಷರ, ಅದೇ ಗೆರೆ. ದೇವರಾಜ ಮಾರುಕಟ್ಟೆಯ ಸೊಪ್ಪು, ಹಾಲು, ನನ್ನ ಶಾಲೆಯ ಶುಲ್ಕ, ತಿಂಗಳ ಕೊನೆಗೆ ಮೊತ್ತ. ಮೇಲಧಿಕಾರಿಯ ಸಹಿಯ ಜಾಗದಲ್ಲಿ ಅಮ್ಮನ ಸಹಿ. ಒಂದು ತಿಂಗಳೂ ತಪ್ಪಿಲ್ಲ. ಆ ಪುಸ್ತಕಗಳನ್ನು ಟೈಪ್ ಮಾಡುವುದಿಲ್ಲ, ಫೋಟೊ ಮಾತ್ರ ತೆಗೆದಿಡುತ್ತೇನೆ. ಅವುಗಳಲ್ಲಿ ನೋಡಬೇಕಾದದ್ದು ಅಕ್ಷರವನ್ನೇ.

ಸದ್ಯ ತಡೆದು ನಿಂತಿರುವುದು ಕಾಗದಗಳಿಗಾಗಿ. ಮಂಡ್ಯದ ಅಕ್ಕನ ಮನೆಯ ಅಟ್ಟದ ಟ್ರಂಕಿನಲ್ಲಿ ಇನ್‌ಲ್ಯಾಂಡ್ ಪತ್ರಗಳ ಒಂದು ಕಟ್ಟು ಇದೆಯಂತೆ. ಅಂಚೆ ಮುದ್ರೆ ಓದಲು ಬಂದರೆ ‘ತಿಳಿದ ದಿನ’ದ ಖಾಲಿ ಮನೆಗಳು ಬಹಳಷ್ಟು ತುಂಬುತ್ತವೆ. ಭಾನುವಾರ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಕಟ್ಟನ್ನು ತಾನು ಬರುವವರೆಗೆ ಬಿಚ್ಚಬಾರದೆಂದು ಅವರು ಅಕ್ಕನಿಗೆ ಆಗಲೇ ಫೋನ್ ಮಾಡಿದ್ದಾರೆ.